‘ಇಂಗಾಲಮಯ’ ಸರಿಯೇ? ಕ್ಷುದ್ರಗ್ರಹ ಹೈಜಿಯಾ ಕುರಿತ ಒಂದು ಸಾಲು

ಪ್ರಶ್ನೆ: ಪ್ರೌಢಶಾಲೆಯ ಮಕ್ಕಳಿಗಾಗಿ ತಯಾರಾಗುತ್ತಿರುವ ಪುಸ್ತಕದಲ್ಲಿ ಹೀಗಿದೆ: ‘ಹೈಜಿಯಾ 10 ಮುಖ್ಯ ಪಟ್ಟಿಯ ನಾಲ್ಕನೆಯ ದೊಡ್ಡ ಇಂಗಾಲಮಯ ಉಲ್ಕೆ.’ ಕಾರ್ಬೊನೇಶಿಯಸ್‌ಗೆ ‘ಇಂಗಾಲಮಯ’ ಒಪ್ಪುತ್ತದೆಯೇ? ಬೇರೆ ತಿದ್ದುಪಡಿಗಳಿದ್ದರೂ ತಿಳಿಸಿ.

ಉತ್ತರ: ‘ಮಯ’ ಬೇಡ. ಊರೆಲ್ಲ ಜಲಮಯ ಎಂದರೆ ಎಲ್ಲಿ ನೋಡಿದರೂ ನೀರೇ ಎಂದರ್ಥ. ಕಾರ್ಬೊನೇಶಿಯಸ್ ಎನ್ನುವ ಉಲ್ಕಾಶಿಲೆಗಳಲ್ಲಿ ಇಂಗಾಲ ಸಾಮಾನ್ಯವಾಗಿ ತೂಕದ ನೂರಕ್ಕೆ ಐದು ಪಾಲನ್ನೂ ಮುಟ್ಟುವುದಿಲ್ಲ. ಬಹುಪಾಲು ಸಿಲಿಕೇಟು, ಕೆಲವು ಬಗೆಗಳಲ್ಲಿ ನೀರನ್ನು ಹಿಡಿದಿಟ್ಟುಕೊಂಡ ಜೇಡಿಯಂಥ ಖನಿಜಗಳು. ‘ಇಂಗಾಲಮಯ’ ಎಂದರೆ ಮಕ್ಕಳು ಹೈಜಿಯಾವನ್ನು ಇದ್ದಿಲ ಗುಡ್ಡೆ ಎಂದುಕೊಂಡಾರು. ‘ಇಂಗಾಲಯುಕ್ತ’ ಸಾಕು. ಅಲ್ಲಿಗೆ ಯಾವ ನೌಕೆಯೂ ಹೋಗಿಲ್ಲ. ಅದರಿಂದ ಬರುವ ಬೆಳಕಿನ ರೋಹಿತ (ಬಣ್ಣಗಳ ಹಂಚಿಕೆ) ನೋಡಿ ಸಿ-ವರ್ಗಕ್ಕೆ, ಅಂದರೆ ಇಂಗಾಲಯುಕ್ತ ಗುಂಪಿಗೆ, ಸೇರಿಸಿದ್ದಾರೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 7 ಪಾಲನ್ನಷ್ಟೇ ಹಿಂದಿರುಗಿಸುವಷ್ಟು ಕಪ್ಪು ಅದು.

ಮಂಗಳ, ಗುರು ಗ್ರಹಗಳ ನಡುವೆ ಕ್ಷುದ್ರಗ್ರಹಗಳು ಸುತ್ತುವ ‘ಮೇನ್ ಬೆಲ್ಟ್’ಗೆ ‘ಪಟ್ಟಿ’ ಎಂದದ್ದು ಇನ್ನೂ ತೊಡಕು. ಮತದಾರರ ಪಟ್ಟಿಯ ನೆನಪಾಗುತ್ತದೆ. ಇಲ್ಲಂತೂ ನಿಜವಾಗಿಯೇ ಒಂದು ಯಾದಿ ಇದೆ, 10 ಎಂಬುದು ಅದರ ಕ್ರಮಸಂಖ್ಯೆ: ಇಟಲಿಯ ಖಗೋಳಜ್ಞ ಅನ್ನಿಬಾಲೆ ದೆ ಗಾಸ್ಪರಿಸ್ 1849ರ ಏಪ್ರಿಲ್ 12ರಂದು ನೇಪಲ್ಸ್‌ನಲ್ಲಿ ಕಂಡ ಇದು, ಪತ್ತೆಯಾದ ಕ್ಷುದ್ರಗ್ರಹಗಳಲ್ಲಿ ಹತ್ತನೆಯದು. ಸಂಖ್ಯೆ ಹೆಸರಿಗೆ ಮೊದಲು ಬರಬೇಕು, ‘10 ಹೈಜಿಯಾ’. ಪಟ್ಟಿಯ ಬದಲು ‘ವಲಯ’ ಎನ್ನಿ.

‘ಉಲ್ಕೆ’ ತಪ್ಪೇ. ವಾತಾವರಣದಲ್ಲಿ ಉರಿದು ಮಿಂಚುವ ಗೆರೆ ಉಲ್ಕೆ, ನೆಲಕ್ಕೆ ಬಿದ್ದು ಉಳಿದದ್ದು ಉಲ್ಕಾಶಿಲೆ. ಸುಮಾರು 430 ಕಿ.ಮೀ. ಅಡ್ಡಳತೆಯ ಹೈಜಿಯಾ ಸೂರ್ಯನನ್ನು ಸುತ್ತುವ ಶಿಲಾಕಾಯ, ಅಂದರೆ ಕ್ಷುದ್ರಗ್ರಹ. ‘ಕ್ಷುದ್ರ’ಕ್ಕೆ ನೀಚ ಎಂಬ ಛಾಯೆ ಇರುವುದು ನಿಜ, ಆದರೆ ಪಠ್ಯಗಳಲ್ಲಿ ಬೇರೂರಿದ ಪದ.

ಮತ್ತೊಬ್ಬರು: ಪದಗಳ ಜತೆ ಪದಗಳ ಜಾಗವನ್ನೂ ನೋಡಬೇಕಿತ್ತು. ‘ನಾಲ್ಕನೆಯ ದೊಡ್ಡ ಇಂಗಾಲಯುಕ್ತ’ ಎಂದರೆ ಇಂಗಾಲದ ಗುಂಪಿನೊಳಗೇ ನಾಲ್ಕನೆಯದು ಎಂದಾಗುತ್ತದೆ. ಸಿರಿಸ್, ವೆಸ್ಟಾ, ಪಲ್ಲಾಸ್ ಇದಕ್ಕಿಂತ ದೊಡ್ಡವು. ಅವುಗಳಲ್ಲಿ ವೆಸ್ಟಾದ ಮೇಲ್ಮೈ ಬಸಾಲ್ಟು (ಲಾವಾ ಗಟ್ಟಿಯಾದ ಕಲ್ಲು), ಅದು ಆ ಗುಂಪಿಗೆ ಸೇರದು. ಇನ್ನು ಸಿರಿಸ್‌ಗೆ 2006ರಲ್ಲಿ ಕುಬ್ಜಗ್ರಹದ (ತನ್ನ ಗುರುತ್ವದಿಂದಲೇ ಗುಂಡಗಾದ, ಆದರೆ ಗ್ರಹವೆನಿಸದ ಕಾಯ) ಸ್ಥಾನ ಸಿಕ್ಕಿದೆ. ಹಾಗಾಗಿ ‘ಕ್ಷುದ್ರಗ್ರಹಗಳಲ್ಲಿ ನಾಲ್ಕನೆಯದು’ ಎಂದರೂ ತಕರಾರು ಬಂದೀತು, ‘ಕಾಯಗಳಲ್ಲಿ’ ಎಂದರೆ ಬಾರದು.

ಕ್ಷುದ್ರಗ್ರಹಕ್ಕೆ ‘ಕಿರುಗ್ರಹ’ ಎಂದು ಕೆಲವರು ಬರೆಯುತ್ತಾರೆ. ಈ ಸಾಲಿನಲ್ಲಿ ಬೇಡ, ಕುಬ್ಜಗ್ರಹದೊಂದಿಗೆ ಕಲೆಸಿಹೋಗುತ್ತದೆ. ಚಿಲಿಯ ವಿಎಲ್‌ಟಿ (ವೆರಿ ಲಾರ್ಜ್ ಟೆಲಿಸ್ಕೋಪ್) ದೂರದರ್ಶಕದ ಚಿತ್ರಗಳಿಂದ ಹೈಜಿಯಾ ಹೆಚ್ಚುಕಡಿಮೆ ಗುಂಡಗಿದೆ ಎಂದು 2019ರಲ್ಲಿ ತಿಳಿದಾಗ ಅದನ್ನೂ ಕುಬ್ಜಗ್ರಹ ಎನ್ನಬಹುದೆಂಬ ಮಾತು ಬಂತು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಹಾಗೆ ಮಾನ್ಯ ಮಾಡಿಲ್ಲ. ಹೈಜಿಯಾ ತನ್ನ ಸುತ್ತ ತಾನೇ ಒಮ್ಮೆ ತಿರುಗುವ ಅವಧಿಯನ್ನೂ ಕೊಡುವುದಾದರೆ 13.8 ಗಂಟೆ ಎನ್ನಿ. ಹಳೆಯ ಪುಸ್ತಕಗಳ 27.6 ತಪ್ಪು, ಅದರ ದುಪ್ಪಟ್ಟು.

ಸಾಲು ಹೀಗಿರಲಿ: ‘10 ಹೈಜಿಯಾ ಇಂಗಾಲಯುಕ್ತ ಕ್ಷುದ್ರಗ್ರಹ, ಮುಖ್ಯ ವಲಯದ ಕಾಯಗಳಲ್ಲಿ ಗಾತ್ರದಲ್ಲಿ ನಾಲ್ಕನೆಯದು.’