ಟವೆಲ್ ಹಾಕುವುದು: ಸೀಟಿನ ಮೇಲೋ, ಸೀಟಿಗೋ?

ಗೆಳೆಯರೇ,

ಹೋದ ಶನಿವಾರ ಸಂಜೆ ಹಾಸನದಿಂದ ಬೇಲೂರಿಗೆ ಹೊರಟಿದ್ದೆ. ಬಸ್ಸು ಇನ್ನೂ ನಿಂತಿರಲಿಲ್ಲ, ಜನ ಅದರ ಜೊತೆಗೇ ಓಡುತ್ತಿದ್ದರು. ಕಿಟಕಿಗಳಿಂದ ಒಂದೊಂದೇ ಸಾಮಾನು ಒಳಗೆ ಬೀಳುತ್ತಿತ್ತು. ನೂಕಾಡಿಕೊಂಡು ಹತ್ತಿ ಮೂರು ಜನ ಕೂರುವ ಸೀಟಿನ ಹತ್ತಿರ ಹೋದರೆ, ಅಲ್ಲಿ ಅರ್ಧ ಕುಡಿದ ನೀರಿನ ಬಾಟಲಿಯೊಂದು ಮಲಗಿತ್ತು. ಪಕ್ಕಕ್ಕೆ ಸರಿಸಿದೆ. ಕಿಟಕಿಯಾಚೆಯಿಂದ ಒಬ್ಬ ಹುಡುಗ ಕೂಗಿದ: “ಅಂಕಲ್, ಆ ಸೀಟಿಗೆ ಟವೆಲ್ ಹಾಕಿದೀವಿ!”

ಎಲ್ಲಪ್ಪಾ ಟವೆಲ್ಲು ಅಂತ ಕೇಳಬೇಕಿತ್ತು. ಬಾಟಲಿ ಒಂದು, ಅದು ಹಿಡಿದ ಜಾಗ ಮೂರು. ಸುಮ್ನೆ ನಿಂತುಕೊಂಡೆ. ಹಗರೆ ದಾಟುವ ಹೊತ್ತಿಗೆ ಸಿಟ್ಟು ಇಳಿಯಿತು, ಮಾತು ಮಾತ್ರ ತಲೆಯಲ್ಲೇ ಉಳಿಯಿತು.

ಹುಡುಗ ‘ಸೀಟಿನ ಮೇಲೆ’ ಅನ್ನಲಿಲ್ಲ, ‘ಸೀಟಿಗೆ’ ಅಂದ. ನನ್ನ ಕಿವಿಗೆ ಇವೆರಡೂ ಬೇರೆ ಬೇರೆ. ‘ಸೀಟಿನ ಮೇಲೆ ಟವೆಲ್ ಹಾಕಿದೆ’ ಅಂದರೆ ಅಲ್ಲಿ ಬಟ್ಟೆ ಇರಲೇಬೇಕು. ಧೂಳಿದೆ ಅಂತ ಹಾಸಿಕೊಂಡಿದ್ದರೂ ಹಾಗೇ ಹೇಳಬಹುದು. ‘ಸೀಟಿಗೆ ಟವೆಲ್ ಹಾಕಿದೆ’ ಅಂದಾಗ ಬಟ್ಟೆ ಬೇಕಿಲ್ಲ. ಬಾಟಲಿ, ಛತ್ರಿ, ವೇಲು, ಟಿಫನ್ ಬ್ಯಾಗು, ಏನಾದರೂ ನಡೆಯುತ್ತದೆ. ‘-ಗೆ’ ಸೇರಿದ ಕೂಡಲೇ ಟವೆಲ್ ವಸ್ತುವಾಗಿ ಉಳಿಯುವುದಿಲ್ಲ, ಹಕ್ಕಾಗಿಬಿಡುತ್ತದೆ.

ಕನ್ನಡದಲ್ಲಿ ಈ ಅಚ್ಚು ಹೊಸದೇನಲ್ಲ. ಬಾಗಿಲಿಗೆ ಬೀಗ ಹಾಕುತ್ತೇವೆ, ಹೊಲಕ್ಕೆ ಬೇಲಿ ಹಾಕುತ್ತೇವೆ, ಕೆಲಸಕ್ಕೆ ಅರ್ಜಿ ಹಾಕುತ್ತೇವೆ. ಮನೆಗೆ ಕನ್ನವನ್ನೂ ಹಾಕುತ್ತಾರೆ. ಟವೆಲ್ ಹಾಕಿದವರಿಗೆ ಅದು ಬೇಲಿ. ನಿಂತವರನ್ನು ಕೇಳಿದರೆ ಕನ್ನ ಅಂದಾರು.

ಈಚಿನ ವರ್ಷಗಳಲ್ಲಿ ಟಿವಿ ಸುದ್ದಿಯವರು ಎತ್ತಿಕೊಂಡದ್ದೂ ಹೆಚ್ಚಾಗಿ ಈ ‘-ಗೆ’ ರೂಪವನ್ನೇ: ‘ಮಂತ್ರಿ ಕುರ್ಚಿಗೆ ಟವೆಲ್’. ಇಲ್ಲಿ ‘ಸೀಟು ಹಿಡಿ’ ಅನ್ನುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಸೀಟು ಹಿಡಿದವರಿಗೆ ಸೀಟು ಸಿಕ್ಕಿದೆ. ಟವೆಲ್ ಹಾಕಿದವರು ಇನ್ನೂ ಕೂತಿಲ್ಲ, ಬೇರೆಯವರು ಕೂರದ ಹಾಗೆ ಮಾಡಿದ್ದಾರೆ, ಅಷ್ಟೇ. ಬಸ್ಸಿನಲ್ಲಿ ಟವೆಲ್ ಹಾಕಿದವರು ಕೂಗಿ ಹೇಳುತ್ತಾರೆ. ರಾಜಕೀಯದಲ್ಲಿ ‘ನಾನು ಹಾಕೇ ಇಲ್ಲ’ ಅನ್ನುತ್ತಾರೆ.

‘ಕಾಯ್ದಿರಿಸು’ ಇದೆಯಲ್ಲ ಅಂತ ಯಾರಾದರೂ ಹೇಳಬಹುದು. ನನಗೆ ಒಪ್ಪಿಗೆಯಿಲ್ಲ. ಕಾಯ್ದಿರಿಸಲು ಮುಂಗಡ ದುಡ್ಡು ಕೊಟ್ಟಿರಬೇಕು, ಸೀಟ್ ನಂಬರ್ ಇರಬೇಕು. ಟವೆಲ್‌ಗೆ ಅದ್ಯಾವುದೂ ಬೇಡ, ತೆರೆದ ಕಿಟಕಿ ಮತ್ತು ಉದ್ದ ಕೈ ಇದ್ದರೆ ಸಾಕು. ಬೆಂಗಳೂರಿನಲ್ಲಿ 2011ರಿಂದ ಮೆಟ್ರೊ ಓಡುತ್ತಿದೆ. ಅಲ್ಲಿ ಈ ಮಾತು ಹುಟ್ಟುತ್ತಲೇ ಇರಲಿಲ್ಲ ಅನ್ನಿಸುತ್ತದೆ, ಕಿಟಕಿ ತೆರೆಯುವುದೇ ಇಲ್ಲವಲ್ಲ.

ಇನ್ನೊಂದು ವಿಷಯ. ನಮ್ಮ ತಾತನ ಹೆಗಲ ಮೇಲೆ ಯಾವಾಗಲೂ ಒಂದು ಚೌಕ ಇರುತ್ತಿತ್ತು, ಬಸ್ಸಿಗೆ ಎಸೆಯುತ್ತಿದ್ದದ್ದೂ ಅದನ್ನೇ. ಕೆಲವರು ಅದನ್ನು ಟುವಾಲು ಅನ್ನುತ್ತಿದ್ದರು. (ಕೊಂಕಣಿಯ ತುವಾಲೊ ಪೋರ್ಚುಗೀಸರಿಂದ ಬಂದದ್ದು, ನಮ್ಮ ಟುವಾಲೂ ಅದರ ನೆಂಟನೇ ಇರಬೇಕು.) ಈಗ ಹೆಗಲ ಮೇಲೆ ಬಟ್ಟೆ ಹಾಕಿಕೊಳ್ಳುವವರು ಕಡಿಮೆ. 2023ರ ಜೂನ್ 11ಕ್ಕೆ, ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ಸಿನಲ್ಲಿ ರಶ್ಶು ಜಾಸ್ತಿ ಆಯಿತು, ಕಿಟಕಿಯಿಂದ ಬೀಳುವ ಸಾಮಾನಿನ ಬಗೆಯೂ ಜಾಸ್ತಿ ಆಯಿತು. ಹೆಸರು ಮಾತ್ರ ಟವೆಲ್ಲೇ. ‘ಕುರ್ಚಿಗೆ ಚೌಕ ಹಾಕಿದ್ದಾರೆ’ ಅಂತ ನಾನಂತೂ ಕೇಳಿಲ್ಲ. ಯಾಕೆ?

ಕಲಬುರಗಿ, ಬೀದರ್ ಕಡೆಯವರು ಕರ್ಚೀಫಿಗೆ ದಸ್ತಿ ಅನ್ನುತ್ತೀರಿ. ‘ಸೀಟಿಗೆ ದಸ್ತಿ ಹಾಕು’ ಅನ್ನುವುದುಂಟಾ? ಟವೆಲ್ಲಿಗೆ ಬೈರಾಸು ಅನ್ನುವ ದಕ್ಷಿಣ ಕನ್ನಡದವರು ‘ಬೈರಾಸು ಹಾಕಿದ’ ಅಂದರೆ ಈ ಅರ್ಥ ಬರುತ್ತದಾ, ಬರೀ ಹೆಗಲಿಗೆ ಹಾಕಿಕೊಂಡ ಅಂತಲಾ? ಬಸ್ಸನ್ನು ಬಿಟ್ಟು ಹಳ್ಳಿಯ ಬೇರೆ ಸಂದರ್ಭಗಳಲ್ಲಿ, ಹೆಣ್ಣು ನೋಡುವಾಗಲೋ ಸೈಟು ಕೊಳ್ಳುವಾಗಲೋ, ಈ ಮಾತು ಬಳಸಿದ್ದನ್ನು ಕೇಳಿದ್ದರೆ ವಾಕ್ಯ ಸಮೇತ ಬರೆಯಿರಿ.

ಕೊನೆಯದಾಗಿ, ಇದರ ಎದುರು ಮಾತು ಯಾವುದು? ಅದೇ ಬಸ್ಸಿನಲ್ಲಿ ನಾನು ನಿಂತಿದ್ದ ಜಾಗದ ಹಿಂದಿನ ಸೀಟಿನ ಮೇಲೆ ಯಾರದೋ ನೀಲಿ ಕರ್ಚೀಫು ಬಿದ್ದಿತ್ತು. ಒಬ್ಬರು ಅಜ್ಜಿ ಬಂದರು. ಅದನ್ನೆತ್ತಿ ಸೀಟಿನ ಧೂಳೆಲ್ಲ ಚೆನ್ನಾಗಿ ಒರೆಸಿದರು, ಕೂತರು, ನಾಲ್ಕು ಮಡಿಕೆ ಮಾಡಿ ಮಡಿಲಲ್ಲಿಟ್ಟುಕೊಂಡರು. ಅದರ ಯಜಮಾನ ಬಂದಾಗ “ತಗಳಪ್ಪ, ನಿಂದು ಬಿದ್ದೋಗಿತ್ತು” ಅಂತ ಕೈಗಿಟ್ಟರು. ‘ಟವೆಲ್ ಎತ್ತು’ ಅಂದರೆ ಇಷ್ಟೆಲ್ಲ ಬರುವುದಿಲ್ಲ, ಅಲ್ವಾ? ನಿಮ್ಮ ಕಡೆ ಇದಕ್ಕೆ ಏನನ್ನುತ್ತಾರೆ?