ಕಾಗದದಲ್ಲಿ ಬಳ್ಳಾರಿ ಜಿಲ್ಲೆ ಅಂತಿದೆ, ಕೇಳಿದರೆ ಆಂಧ್ರಕ್ಕೆ ಹೋಗಿ ಅಂತಾರೆ. ಮುತ್ತಜ್ಜನನ್ನು ಎಲ್ಲಿ ಹುಡುಕಲಿ?

ಟ್ರಂಕಿನ ಮೊಮ್ಮಗಳು:

ಎಲ್ಲರಿಗೂ ನಮಸ್ಕಾರ. ಅಜ್ಜಿ ತೀರಿಕೊಂಡ ಮೇಲೆ ಅವರ ಟ್ರಂಕು ನನ್ನ ಪಾಲಿಗೆ ಬಂತು. ಸೀರೆಗಳ ಅಡಿಯಲ್ಲಿ ಎರಡು ಕಾಗದ ಸಿಕ್ಕಿವೆ. ಒಂದು ಕಂದಾಯದ ರಸೀದಿ, ಇನ್ನೊಂದು ಮುತ್ತಜ್ಜ ಹೊಲ ಕೊಂಡಾಗಿನ ಕ್ರಯಪತ್ರ. ಮಡಿಸಿದ ಗೆರೆಯಲ್ಲೆಲ್ಲ ಹರಿದಿದೆ. ಆದರೂ "ಬಳ್ಳಾರಿ ಜಿಲ್ಲೆ, ರಾಯದುರ್ಗ ತಾಲ್ಲೂಕು" ಅನ್ನುವುದು ಚೆನ್ನಾಗಿ ಕಾಣುತ್ತದೆ.

ರಜೆ ಹಾಕಿ ಒಂದು ಕಚೇರಿಗೆ ಹೋದೆ. "ಆ ಊರು ನಮ್ಮ ಜಿಲ್ಲೆಯಲ್ಲೇ ಇಲ್ಲಮ್ಮ, ಆಂಧ್ರಕ್ಕೆ ಹೋಗಿ" ಅಂದು ಕಳಿಸಿದರು. ನಾವು ಆಂಧ್ರದವರು ಅಂತ ಮನೆಯಲ್ಲಿ ಯಾರೂ ಯಾವತ್ತೂ ಹೇಳಿದ್ದಿಲ್ಲ.

ಇನ್ನೂ ಎರಡು ಗೊಂದಲ. ರಸೀದಿಯಲ್ಲಿ 1331 ಅಂತಿದೆ. ನಮ್ಮ ಚಿಕ್ಕಪ್ಪ ಅದನ್ನು ನೋಡಿ, ವಿಜಯನಗರ ಹುಟ್ಟುವುದಕ್ಕೂ ಐದು ವರ್ಷ ಮುಂಚೆ ನಮ್ಮದು ಜಮೀನಿತ್ತು ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದಾರೆ. ಅಚ್ಚು ಹಾಕಿದ ರಸೀದಿ ಅದು, ಹೇಗೆ ಸಾಧ್ಯ?

ಮುತ್ತಜ್ಜನ ಅಣ್ಣ ಒಬ್ಬರು "ಮೈಸೂರು ಸೀಮೆಗೆ ಹೋದರು" ಅಂತ ಅಜ್ಜಿ ಹೇಳುತ್ತಿದ್ದರು. ಮೊಳಕಾಲ್ಮೂರಿನಲ್ಲಿ ಒಂದು ಮನೆತನ ಇದೆ, ಅವರ ಮನೆದೇವರೂ ನಮ್ಮದೂ ಒಂದೇ. ಆದರೆ ಅವರದು ಶಾನುಭೋಗರ ಮನೆ, ನಮ್ಮದು ಕರಣಂ ಮನೆ. ಬೇರೆ ಬೇರೆ ಮನೆತನ, ಬಿಟ್ಟುಬಿಡು ಅಂತಾರೆ ಚಿಕ್ಕಪ್ಪ.

ಹಳೇ ಪತ್ರಬರಹಗಾರ:

ನೋಡಮ್ಮ, ನಿಮ್ಮವರು ಎಲ್ಲೂ ಹೋಗಿಲ್ಲ. ಜಿಲ್ಲೆಯೇ ಅವರನ್ನು ಬಿಟ್ಟು ಹೋಯಿತು.

ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದ ಜಿಲ್ಲೆ. 1882ರವರೆಗೆ ಅನಂತಪುರವೂ ಅದರೊಳಗೇ ಇತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು, ರಾಯದುರ್ಗ ಈ ಮೂರು ತಾಲ್ಲೂಕು ಅಲ್ಲಿಗೆ ಸೇರಿದವು. ಉಳಿದ ಬಳ್ಳಾರಿ ಮೈಸೂರಿಗೆ ಬಂತು. ರಾಯದುರ್ಗ ಈಗ ಅನಂತಪುರ ಜಿಲ್ಲೆ. ಹಾಗಾಗಿ ಊರು ಈಗ ಯಾವ ಜಿಲ್ಲೆ ಅಂತ ಕೇಳಿಕೊಂಡು ಹೊರಡಬೇಡಿ. ಕಾಗದ ಬರೆದ ದಿನ ಅದು ಯಾವ ಕಚೇರಿಗೆ ಸೇರಿತ್ತು ಅಂತ ಮೊದಲು ನೋಡಿ.

1331 ಫಸಲಿ ವರ್ಷ. ಕಂದಾಯದ ಲೆಕ್ಕ ಅದರಲ್ಲೇ ಇಡುತ್ತಿದ್ದರು. 590 ಕೂಡಿಸಿ, 1921 ಬರುತ್ತದೆ. ಜುಲೈಯಿಂದ ಜೂನ್‌ವರೆಗೆ ಒಂದು ಫಸಲಿ, ಅಂದರೆ 1921-22. ಚಿಕ್ಕಪ್ಪನಿಗೆ ಮೆಲ್ಲಗೆ ಹೇಳಿ.

ಶಾನುಭೋಗ, ಕರಣಂ ಎರಡೂ ಒಂದೇ ಕೆಲಸ. ಊರಿನ ಲೆಕ್ಕ ಬರೆಯುವವನು. ಮೈಸೂರು ಸೀಮೆಯಲ್ಲಿ ಶಾನುಭೋಗ, ಬಳ್ಳಾರಿ ಕಡೆ ಕರಣಂ, ಧಾರವಾಡ ಬೆಳಗಾವಿ ಕಡೆ ಕುಲಕರ್ಣಿ. ಅಣ್ಣ ಗಡಿಯ ಆಚೆ ಒಬ್ಬ ಶಾನುಭೋಗರ ಮನೆಗೆ ಅಳಿಯನಾಗಿ ಹೋಗಿ ಅಲ್ಲೇ ನಿಂತಿರಬಹುದು. ಖಂಡಿತ ಅಂತ ಹೇಳುತ್ತಿಲ್ಲ. ಆದರೆ ಮನೆಯ ಹೆಸರು ಬೇರೆ ಅಂತ ಕೈಬಿಡಬೇಡಿ.

ಈಗ ಕ್ರಯಪತ್ರ ತಿರುಗಿಸಿ ನೋಡಿ. ಜನ ಎಲ್ಲ ಮುಂದಿನ ಪುಟವನ್ನೇ ಓದುತ್ತಾರೆ. ಹಿಂದುಗಡೆ ಸಬ್ ರಿಜಿಸ್ಟ್ರಾರ್ ಮೊಹರು, 1ನೇ ಪುಸ್ತಕ, ಸಂಪುಟ, ಪುಟ, ದಸ್ತಾವೇಜಿನ ನಂಬರು, ಇಸವಿ ಇರುತ್ತವೆ. ಮೊಹರು ಯಾವ ಊರಿನದೋ ಅಲ್ಲಿಗೆ ಮೊದಲು ಹೋಗಿ. ನಂಬರು ಅಳಿಸಿದ್ದರೂ ಪರವಾಗಿಲ್ಲ. ಅವರಲ್ಲಿ ಎರಡು ಸೂಚಿ ಇರುತ್ತವೆ, ಒಂದು ಕೊಟ್ಟವರ, ಕೊಂಡವರ ಹೆಸರಿನ ಮೇಲೆ, ಇನ್ನೊಂದು ಆಸ್ತಿಯ ಮೇಲೆ. ಮುತ್ತಜ್ಜನ ಹೆಸರು ಕೊಟ್ಟು ಹುಡುಕಿಸಿ. ಕಲೆಕ್ಟರ್ ಮಟ್ಟದ ಹಳೇ ಕಡತ ಬೇಕೆಂದರೆ ಚೆನ್ನೈನ ಎಗ್ಮೋರ್‌ನಲ್ಲಿರುವ ತಮಿಳುನಾಡು ಪತ್ರಾಗಾರ. ಹೌದು, ಒಂದು ಮನೆತನಕ್ಕೆ ಮೂರು ರಾಜ್ಯ ಸುತ್ತಬೇಕು.

ಕೊನೆಗೆ ಚೆಕ್ಕುಬಂದಿ ಓದಿ. ನಾಲ್ಕು ದಿಕ್ಕಿಗೂ ಪಕ್ಕದ ಹೊಲದವರ ಹೆಸರು ಬರೆದಿರುತ್ತಾರೆ. ದಾಯಾದಿಗಳು ಜಾಸ್ತಿ ಸಿಗುವುದು ಅಲ್ಲೇ.

ಕರಾವಳಿಯವಳು:

ನಮ್ಮಜ್ಜಿ ಕಾಸರಗೋಡಿನ ಒಂದೇ ಮನೆಯಲ್ಲಿ ಹುಟ್ಟಿ, ಅಲ್ಲೇ ಮುದುಕಿಯಾದರು. ಹುಟ್ಟಿದಾಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ. 1956ರ ನವೆಂಬರ್‌ನಲ್ಲಿ ಕೇರಳದ ಮಲಬಾರ್ ಜಿಲ್ಲೆ, ಎರಡು ತಿಂಗಳಿಗೆ ಕಣ್ಣೂರು, 1984ರಲ್ಲಿ ಕಾಸರಗೋಡೇ ಜಿಲ್ಲೆ. ನನ್ನ ತಮ್ಮ ವಂಶವೃಕ್ಷದ ಆ್ಯಪ್‌ನಲ್ಲಿ ಅಜ್ಜಿ ಹುಟ್ಟಿದ್ದು ಕೇರಳದಲ್ಲಿ ಅಂತ ಹಾಕಿದ್ದ. ಅವರು ಹುಟ್ಟಿದಾಗ ಕೇರಳ ಅನ್ನುವ ರಾಜ್ಯವೇ ಇರಲಿಲ್ಲ! ಈಗ ನಾನು ಎರಡೂ ಬರೆಯುತ್ತೇನೆ: ಆಗಿನ ಜಿಲ್ಲೆ ಮೊದಲು, ಈಗಿನದು ಅದರ ಕೆಳಗೆ.

ರಾಯಚೂರು ಕಡೆಯವ:

ಫಸಲಿ ನಮ್ಮ ನಿಜಾಮರ ಕಡೆಯೂ ಇತ್ತು. ಆದರೆ ಅಲ್ಲಿ ವರ್ಷ ಶುರುವಾಗುತ್ತಿದ್ದುದು ಅಕ್ಟೋಬರ್‌ನಲ್ಲಿ, ಲೆಕ್ಕ ಹಾಕುವಾಗ ಹುಷಾರು. ಕಾಗದವೂ ಉರ್ದುವಿನಲ್ಲಿ. ನಾನು ಅಂಕಿ ಓದುವುದನ್ನು ಮೊದಲು ಕಲಿತೆ. ಇಸವಿ, ಸರ್ವೆ ನಂಬರು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಟ್ರಂಕಿನ ಮೊಮ್ಮಗಳು:

ಸರ್, ತಿರುಗಿಸಿ ನೋಡಿದೆ. ಮೊಹರು ರಾಯದುರ್ಗದ್ದೇ. ಸಂಪುಟದ ನಂಬರು ಹರಿದುಹೋಗಿದೆ, ದಸ್ತಾವೇಜಿನ ನಂಬರು ಇದೆ.

ಚೆಕ್ಕುಬಂದಿ ಓದುವುದಕ್ಕೆ ಒಂದು ಸಂಜೆ ಹಿಡಿಯಿತು, ಟಾರ್ಚ್ ಹಿಡಿದು. ಮಾರಿದವರು ಮುತ್ತಜ್ಜನಿಗೆ ಹೇಳುವ ಹಾಗೆ ಬರೆದಿದ್ದಾರೆ. ಮೂಡಲಿಗೆ ಹಳ್ಳ. ತೆಂಕಲಿಗೆ ಗಾಡಿದಾರಿ. ಪಡುವಲಿಗೆ "ನಿಮ್ಮ ಅಣ್ಣ, ಹಾಲಿ ಮೊಳಕಾಲ್ಮೂರು ವಾಸಿ" ಅಂತ ಇದ್ದು, ಮುಂದೆ ಹೆಸರಿದೆ. ಹೆಸರು ಇಲ್ಲಿ ಹಾಕುವುದಿಲ್ಲ. ಫೋಟೋ ತೆಗೆದು ಶಾನುಭೋಗರ ಮನೆಯವರಿಗೆ ಕಳಿಸಿದೆ. ಅದು ಅವರ ತಾತನ ಅಪ್ಪನ ಹೆಸರಂತೆ.

ಚಿಕ್ಕಪ್ಪ 1331ರ ಸುದ್ದಿ ಎತ್ತುವುದನ್ನು ಬಿಟ್ಟಿದ್ದಾರೆ. ಬರುವ ವಾರ ರಾಯದುರ್ಗಕ್ಕೆ ಹೊರಟಿದ್ದೇನೆ. ನನಗೆ ತೆಲುಗು ಓದಲು ಬರುವುದಿಲ್ಲ. ಆ ಕಡೆಯವರು ಯಾರಾದರೂ ಒಂದು ದಿನ ಜೊತೆಗೆ ಬರ್ತೀರಾ?