‘ಇಫ್ ಅಜ್ಜ ವರ್’ ಯಾಕೆ? ‘ವಾಸ್’ ಯಾಕಲ್ಲ?

ತೀರ್ಥಹಳ್ಳಿಯ ಅಮ್ಮ:
ಮಗಳು ಹತ್ತನೇ ಕ್ಲಾಸು. ಇಂಗ್ಲಿಷ್ ಪ್ರಬಂಧದಲ್ಲಿ ‘ಇಫ್ ಅಜ್ಜ ವಾಸ್ ಅಲೈವ್, ಹಿ ವುಡ್ ಬಿ ಇನ್ ದ ತೋಟ ನೌ’ ಎಂದು ಬರೆದಿದ್ದಳು. ‘ವಾಸ್’ ಹೊಡೆದು ಕೆಂಪು ಶಾಯಿಯಲ್ಲಿ ‘ವರ್’ ಅಂತ ತಿದ್ದಿ ಬಂದಿದೆ. ಅಜ್ಜ ಒಬ್ಬರೇ ಅಲ್ವಾ, ‘ವರ್’ ಬಹುವಚನಕ್ಕಲ್ವಾ ಅಂತ ಕೇಳುತ್ತಾಳೆ. ಸುಮ್ನೆ ಬಾಯಿಪಾಠ ಮಾಡು ಅನ್ನೋಕೆ ಮನಸ್ಸಿಲ್ಲ. ಯಾರಾದರೂ ಬಿಡಿಸಿ ಹೇಳುತ್ತೀರಾ?

ಸಾಗರದ ನಿವೃತ್ತ ಮೇಷ್ಟ್ರು:
ತಂಗಿ, ಮಗಳು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾಳೆ. ಇಲ್ಲಿ ‘ವರ್’ ಬಹುವಚನ ಅಲ್ಲ, ಹಿಂದಿನ ಕಾಲದ ಮಾತೂ ಅಲ್ಲ. ‘ಇದು ನಿಜವಲ್ಲ, ಕಲ್ಪನೆ’ ಅನ್ನುವ ಗುರುತು. ಸಬ್‌ಜಂಕ್ಟಿವ್ ಅನ್ನುತ್ತಾರೆ. ಹಳೇ ಇಂಗ್ಲಿಷಿನಲ್ಲಿ ಇಂಥ ರೂಪಗಳು ಜಾಸ್ತಿ ಇದ್ದವು.

ನಮ್ಮ ಕನ್ನಡವನ್ನೇ ನೋಡಿ. ‘ನಾಳೆ ಮಳೆ ಬಂದರೆ’ ಅನ್ನುತ್ತೇವೆ. ಮಳೆ ನಾಳೆಯದು. ಆದರೂ ಒಳಗೆ ಕೂತಿರುವುದು ‘ಬಂದ’. ಯಾರಿಗೂ ಗೊಂದಲವಿಲ್ಲ.

ಅಡಿಕೆ ತೋಟದ ಮಾತಲ್ಲೇ ಹೇಳುತ್ತೇನೆ. ಮಳೆಗಾಲ ಹಿಡಿಯುವ ಮುಂಚೆ, ಕಾಯಿ ಉದುರಿಸುವ ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಹೊಡೆಯುವ ಮಾತು: ‘ಇಫ್ ವಿ ಸ್ಪ್ರೇ ಬೋರ್ಡೋ, ವಿ ವಿಲ್ ಸೇವ್ ದ ಕ್ರಾಪ್.’ ಆಗುವ ಕೆಲಸ. ಔಷಧಿ ಹೊಡೆಯಲು ಮರ ಹತ್ತುವ ಕೊನೆಗಾರ ಸಿಗದೆ ಕೂತಾಗ: ‘ಇಫ್ ವಿ ಹ್ಯಾಡ್ ಎ ಕೊನೆಗಾರ, ವಿ ವುಡ್ ಸ್ಪ್ರೇ ಟುಡೇ.’ ಹ್ಯಾಡ್ ಅಂದರೂ ಮಾತು ಇವತ್ತಿನದೇ. ಕೊಳೆ ಬಂದು ಎಳೆಕಾಯಿ ಮರದ ಬುಡದಲ್ಲಿ ಉದುರಿ ಬಿದ್ದ ಮೇಲೆ: ‘ಇಫ್ ವಿ ಹ್ಯಾಡ್ ಸ್ಪ್ರೇಡ್, ವಿ ವುಡ್ ಹ್ಯಾವ್ ಸೇವ್ಡ್ ಇಟ್.’ ಕೈತಪ್ಪಿ ಹೋಯಿತು. ಮಕ್ಕಳು ಎಡವುವುದು ಇಲ್ಲೇ. ‘ಇಫ್’ ಇರುವ ಕಡೆಗೂ ಒಂದು ‘ವುಡ್’ ಹಾಕಿಬಿಡುತ್ತಾರೆ. ಅದು ಬೇಡ.

ಶಿವಮೊಗ್ಗದಿಂದ:
ಮೇಷ್ಟ್ರೇ, ಒಂದು ಸೇರಿಸುತ್ತೇನೆ. ಮಾತಾಡುವಾಗ ‘ಇಫ್ ಐ ವಾಸ್’ ಅನ್ನುವವರು ಇಂಗ್ಲೆಂಡಿನಲ್ಲೂ ಬೇಕಾದಷ್ಟಿದ್ದಾರೆ. ಮಗುವನ್ನು ಬೈಯುವಂಥ ತಪ್ಪಲ್ಲ. ಪರೀಕ್ಷೆಗೆ ‘ವರ್’ ಬರೆಯಲಿ. ಆದರೆ ಎಲ್ಲ ಕಡೆ ಅದನ್ನೇ ತುರುಕಬಾರದು. ‘ನಿನ್ನೆ ಅವನು ಅಂಗಡಿಯಲ್ಲಿ ಇದ್ದಿದ್ದು ಹೌದಾದರೆ ನೋಡಿಯೇ ಇರುತ್ತಾನೆ’ ಅನ್ನುವಾಗ ‘ಇಫ್ ಹಿ ವಾಸ್’ ಅಂತಲೇ ಬರಬೇಕು. ಇದ್ದನೋ ಇಲ್ಲವೋ ನಮಗೆ ಗೊತ್ತಿಲ್ಲ, ಅಷ್ಟೇ. ಅದು ಕಲ್ಪನೆಯಲ್ಲ.

ತೀರ್ಥಹಳ್ಳಿಯ ಅಮ್ಮ:
ತುಂಬಾ ಉಪಕಾರವಾಯಿತು. ‘ಬಂದ, ಬಂದರೆ. ಹೋದ, ಹೋದರೆ’ ಅಂತ ಬೆರಳು ಮಡಚುತ್ತಾ ಕೂತಿದ್ದಳು. ಆಮೇಲೆ ತಾನೇ ಕೇಳಿದಳು, ‘ಅಮ್ಮಾ, ಅಜ್ಜ ಇದ್ದಿದ್ದರೆ ಅನ್ನೋದು ಯಾವುದು?’ ನಾನು ಯೋಚಿಸುವಷ್ಟರಲ್ಲಿ ಅವಳೇ ಬಿಡಿಸಿದಳು. ಈಗ ತೋಟದಲ್ಲಿ ಇರುತ್ತಿದ್ದರು ಅನ್ನೋದಕ್ಕೆ ‘ವರ್’. ಹೋದ ವರ್ಷ ಅಡಿಕೆ ಕೊಯ್ಯುವಾಗ ಇದ್ದಿದ್ದರೆ ಅನ್ನೋದಕ್ಕೆ ‘ಹ್ಯಾಡ್ ಬೀನ್’. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು ಅಂತ ನನಗೂ ಇವತ್ತೇ ಗೊತ್ತಾಗಿದ್ದು.